ಅಕ್ಷರ ಗುಂಡಿನ ನಿಧಿ

ಚಳ್ಳಕೆರೆಯ ಎಣ್ಣೆಗಿರಣಿಗಳನ್ನೂ ಕಂಬಳಿಯ ಮಳಿಗೆಗಳನ್ನೂ ಹಿಂದೆ ಬಿಟ್ಟು ಬಳ್ಳಾರಿಯ ಹಾದಿಯಲ್ಲಿ ಉತ್ತರಕ್ಕೆ ಸಾಗುವ ಪ್ರವಾಸಿಗೆ, ಶೇಂಗಾ ಹೊಲಗಳ ಆಚೆ ಬಂಡೆಗಲ್ಲಿನ ಬೆಟ್ಟಗಳು ಎದುರಾಗುತ್ತವೆ. ಅದು ಮೊಳಕಾಲ್ಮೂರು ಸೀಮೆ. ರೇಷ್ಮೆ ಸೀರೆಗಳಿಗೆ ಹೆಸರಾದದ್ದು. ಇಲ್ಲಿ ಮಳೆ ಕಡಮೆ, ಕಲ್ಲು ಹೆಚ್ಚು. ಪಾಳು ಗುಡಿ, ಹಳೆಯ ಕೋಟೆ ಕಂಡಲ್ಲೆಲ್ಲ ಹೊನ್ನಿನ ಕೊಪ್ಪರಿಗೆಯ ಕಥೆ ಹುಟ್ಟುವುದು ನಮ್ಮ ನಾಡಿನಲ್ಲಿ ಹೊಸತಲ್ಲ. ಆ ಕಥೆಯನ್ನು ನಂಬಿ ಇರುಳಿನಲ್ಲಿ ಹಾರೆ ಹಿಡಿದು ಬರುವವರ ಕೈಯಲ್ಲಿ ಭಗ್ನವಾದ ವಿಗ್ರಹಗಳು ಎಷ್ಟೋ. ಆದರೆ ಈ ಸೀಮೆಯ ದೊಡ್ಡ ನಿಧಿಯನ್ನು ಅಗೆದು ತೆಗೆಯಬೇಕಾಗಿಲ್ಲ. ಅದು ಬ್ರಹ್ಮಗಿರಿಯ ಬಂಡೆಯ ಮೈಮೇಲೆಯೇ ಇದೆ.

1892ರಲ್ಲಿ ಬಿ. ಎಲ್. ರೈಸರು ಇಲ್ಲಿ ಅಶೋಕನ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಹಳ್ಳಿಗರು ಬ್ರಹ್ಮಗಿರಿಯ ಬಂಡೆಯನ್ನು ‘ಅಕ್ಷರ ಗುಂಡು’ ಎಂದೂ, ಸಿದ್ದಾಪುರದ್ದನ್ನು ‘ಎಮ್ಮೆ ತಮ್ಮನ ಗುಂಡು’ ಎಂದೂ, ಜಟಿಂಗ ರಾಮೇಶ್ವರ ಬೆಟ್ಟದ್ದನ್ನು ‘ಬಳೆಗಾರ ಗುಂಡು’ ಎಂದೂ ಕರೆಯುತ್ತಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಬುಡದಲ್ಲಿ ಉತ್ಖನನ ನಡೆಸಿದರು. ಅವರದೂ ಅಗೆತವೇ, ಆದರೆ ಮಡಕೆಯ ಚೂರು ಯಾವ ಪದರದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂಬುದನ್ನು ಬರೆದಿಡುವುದೇ ಅಲ್ಲಿ ಮುಖ್ಯ. ನೆಲೆ ತಪ್ಪಿದ ವಸ್ತು ಮೂಕವಾಗುತ್ತದೆ.

ಈ ಪಾಠವನ್ನು ಮಕ್ಕಳಿಗೆ ಆಟದ ಮೂಲಕವೇ ಕಲಿಸಬಹುದು. ಅದರ ಹೆಸರು ಜಿಯೋಕ್ಯಾಶಿಂಗ್. 2000ದ ಮೇ ಆರಂಭದಲ್ಲಿ ಅಮೆರಿಕ ಸರಕಾರವು ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿಯನ್ನು ನಿಲ್ಲಿಸಿತು. ಮರುದಿನವೋ ಎಂಬಂತೆ, ಮೇ 3ರಂದು, ಡೇವ್ ಉಲ್ಮರ್ ಎಂಬಾತ ಒರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ಟನ್ನು ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಪೆಟ್ಟಿಗೆಯನ್ನು ಇದ್ದಲ್ಲಿಯೇ ಇಡಬೇಕು. ನಿಧಿಗಳ್ಳನ ನೀತಿಗೆ ಇದು ನೇರ ವಿರುದ್ಧ.

ಉಪಾಧ್ಯಾಯರಿಗೆ ಇದರಲ್ಲಿ ಹೆಚ್ಚಿನ ಖರ್ಚಿಲ್ಲ. ಐದು ಮಕ್ಕಳ ತಂಡಕ್ಕೆ ಒಂದು ಮೊಬೈಲ್, ಒಂದು ಡಬ್ಬ, ಒಂದು ನೋಟುಪುಸ್ತಕ ಸಾಕು. ಮೊದಲ ಆಟ ಶಾಲೆಯ ಅಂಗಳದಲ್ಲಿ ನಡೆಯಲಿ. ಅಕ್ಷಾಂಶದ ಒಂದು ನಿಮಿಷವೆಂದರೆ ನೆಲದ ಮೇಲೆ ಸುಮಾರು 1,850 ಮೀಟರ್; ಒಂದು ಸೆಕೆಂಡ್ ಎಂದರೆ ಸುಮಾರು 31 ಮೀಟರ್. ಭೂಪಟದ ಗೆರೆಗಳನ್ನು ಬಾಯಿಪಾಠ ಮಾಡಿದ ಹುಡುಗಿ ಈಗ ಅವುಗಳ ಮೇಲೆ ನಡೆಯುತ್ತಾಳೆ. ಬಯಲಿನಲ್ಲಿ ಯಂತ್ರ ಐದಾರು ಮೀಟರ್ ತಪ್ಪಬಹುದು. ಉಳಿದ ಹುಡುಕಾಟ ಕಣ್ಣಿನದು.

ಎರಡನೆಯ ಆಟ ಬ್ರಹ್ಮಗಿರಿಯಲ್ಲಿ. ಉಪಾಧ್ಯಾಯರು ಸ್ಥಳದ ಹೆಸರನ್ನು ಹೇಳದೆ, ಉತ್ತರ 14 ಡಿಗ್ರಿ 48 ನಿಮಿಷ, ಪೂರ್ವ 76 ಡಿಗ್ರಿ 48 ನಿಮಿಷ ಎಂದಷ್ಟೇ ಬರೆದುಕೊಡಲಿ. ಅಲ್ಲಿಂದಾಚೆಗೆ ‘ಅಕ್ಷರ ಗುಂಡು ಎಲ್ಲಿ?’ ಎಂದು ಮಕ್ಕಳು ಊರಿನ ಹಿರಿಯರನ್ನು ಕೇಳಿ ತಿಳಿಯಲಿ. ಸಂರಕ್ಷಿತ ಸ್ಮಾರಕವಾದುದರಿಂದ ಇಲ್ಲಿ ಡಬ್ಬ ಹುದುಗಿಸಬಾರದು, ಕಲ್ಲು ಮುಟ್ಟಬಾರದು. ಗೆದ್ದವರ ಗುರುತೆಂದರೆ ಪ್ರಶ್ನೆಗಳ ಉತ್ತರ. ಶಾಸನವನ್ನು ಬರೆದ ಲಿಪಿಕಾರನ ಹೆಸರೇನು? ಚಪಡ. ಬ್ರಾಹ್ಮಿಯ ಸಾಲುಗಳ ಕೊನೆಯ ಪದ ಬೇರೆ ಲಿಪಿಯಲ್ಲಿರುವುದೇಕೆ? ಅದು ಬಲದಿಂದ ಎಡಕ್ಕೆ ಓದಬೇಕಾದ ಖರೋಷ್ಠಿ. ದೂರದ ವಾಯವ್ಯ ಭಾರತದ ಲಿಪಿ. ಕನ್ನಡ ನಾಡಿನ ಬಂಡೆಗೆ ಅದು ಬಂದುದು ಹೇಗೆಂದು ಒಬ್ಬ ಹುಡುಗ ಕೇಳಿದನೆಂದರೆ ಅಂದಿನ ಇತಿಹಾಸದ ಪಾಠ ಆರಂಭವಾದಂತೆಯೇ.

ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆ ಆಜ್ಞೆಯಲ್ಲಿ ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನಗಳ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಮಾತೂ ಇದೆ. ಕ್ರಿಸ್ತಪೂರ್ವ 3ನೆಯ ಶತಮಾನದ ಆ ಮಾತನ್ನು ಉಪಾಧ್ಯಾಯರು ಓದಿ ಹೇಳುವಾಗ ಮಕ್ಕಳು ನಗಬಹುದು, ಉಪಾಧ್ಯಾಯರೂ ನಗಲಿ. ಸಂಜೆ ಬಸ್ಸು ಹತ್ತುವಾಗ ಯಾರ ಕೈಯಲ್ಲಿಯೂ ಒಂದು ಕಲ್ಲಿನ ಚೂರು ಸಹ ಇರುವುದಿಲ್ಲ. ಮುಂದಿನ ವರ್ಷದ ತರಗತಿಗೆ ಬಂಡೆ ಇದ್ದಲ್ಲಿಯೇ ಇರುತ್ತದೆ.