‘ತಪ್ಪಿಲ್ಲಂದ್ರ ಯಾಕ ಓಡಿದ್ರು?’

ಎರಡು, ನಾಲ್ಕು, ಆರು. ಈ ಮೂರು ಸಂಖ್ಯೆಗಳು ಒಂದು ನಿಯಮಕ್ಕೆ ಹೊಂದುತ್ತವೆ. ಆ ನಿಯಮ ಏನು ಅಂತ ನೀವು ಕಂಡುಹಿಡಿಯಬೇಕು. ನಿಮಗಿಷ್ಟ ಬಂದ ಮೂರು ಸಂಖ್ಯೆ ಹೇಳಿ, ಹೊಂದುತ್ತೋ ಇಲ್ಲವೋ ನಾನು ಹೇಳ್ತೀನಿ. ಎಷ್ಟು ಸಲ ಬೇಕಾದರೂ ಕೇಳಬಹುದು. ಖಾತ್ರಿ ಆದಮೇಲೆ ನಿಯಮ ಹೇಳಿ.

ಹೋದ ತಿಂಗಳು ಹಾಸ್ಟೆಲ್ ಮೆಸ್‌ನಲ್ಲಿ ಸಾಂಬಾರು ಬರೋದು ತಡವಾಗಿತ್ತು. ನಮ್ಮ ಟೇಬಲ್ಲಿನವರಿಗೆ ಇದನ್ನು ಕೊಟ್ಟೆ. ಸಿಎಸ್‌ನ ಗೆಳೆಯನೊಬ್ಬ ತಕ್ಷಣ ಶುರು ಮಾಡಿದ. 8, 10, 12? ಹೊಂದುತ್ತೆ. 20, 22, 24? ಹೊಂದುತ್ತೆ. 100, 102, 104? ಅದೂ ಹೊಂದುತ್ತೆ. “ಆಯ್ತಲ್ಲ ಮಗಾ, ಎರಡೆರಡು ಕೂಡಿಸ್ತಾ ಹೋಗೋದು” ಅಂದ. ಅಲ್ಲ ಅಂದೆ. ಅವನಿಗೆ ಸಿಟ್ಟೇ ಬಂತು. ಮೂರಕ್ಕೆ ಮೂರೂ ಸರಿ ಬಂದಿದೆ, ಇನ್ನೇನು ಪ್ರೂಫ್ ಬೇಕು ನಿನಗೆ ಅಂತ.

ನಿಯಮ ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. 1, 7, 5000 ಕೂಡ ಸರಿ. ಆದರೆ 1, 7, 5000 ಅಂತ ಕೇಳೋ ಮನಸ್ಸು ಯಾರಿಗೂ ಬರಲಿಲ್ಲ. ಎಲ್ಲರೂ ಕೇಳಿದ್ದು ‘ಹೌದು’ ಅಂತ ಉತ್ತರ ಬರುತ್ತೆ ಅಂತ ತಮಗೆ ಮೊದಲೇ ಅನಿಸಿದ್ದನ್ನ.

ಒಗಟು ನನ್ನದಲ್ಲ. ಪೀಟರ್ ವೇಸನ್ ಅನ್ನೋ ಮನಶ್ಶಾಸ್ತ್ರಜ್ಞ ಲಂಡನ್ನಿನಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿ 1960ರಲ್ಲಿ ಪ್ರಕಟಿಸಿದ ಪ್ರಯೋಗ. 29 ಜನರಲ್ಲಿ ಮೊದಲ ಸಲಕ್ಕೇ ಸರಿಯಾದ ನಿಯಮ ಹೇಳಿದವರು 6 ಮಂದಿ. ಈ ಸ್ವಭಾವಕ್ಕೆ ಇಂಗ್ಲಿಷಿನಲ್ಲಿ ಕನ್ಫರ್ಮೇಶನ್ ಬಯಾಸ್ ಅಂತಾರೆ. ಕನ್ನಡದಲ್ಲಿ ‘ದೃಢೀಕರಣ ಪಕ್ಷಪಾತ’ ಅಂತ ಬರೆಯೋದು ನೋಡಿದ್ದೀನಿ, ತಹಸೀಲ್ದಾರ್ ಆಫೀಸಿನ ಸುತ್ತೋಲೆ ಥರ ಕೇಳಿಸುತ್ತೆ. ಒಪ್ಪಿದ್ದನ್ನೇ ಹುಡುಕೋ ಚಾಳಿ ಅಂದ್ರೆ ಸಾಕು.

ಮೆಸ್ಸಿನಲ್ಲಿ ಇದು ತಮಾಷೆ. ಹಾಸ್ಟೆಲ್ಲಿನ ಗಾಳಿಮಾತುಗಳ ವಿಷಯದಲ್ಲೂ ದೊಡ್ಡ ನಷ್ಟವೇನಿಲ್ಲ. ನಮ್ಮಲ್ಲಿ ಒಬ್ಬ ಎಕ್ಸ್‌ಟರ್ನಲ್ ಬಗ್ಗೆ ಪ್ರತೀತಿ ಇದೆ: ಅವರು ವೈವಾಕ್ಕೆ ಬಂದರೆ ಬ್ಯಾಕ್ ಗ್ಯಾರಂಟಿ. ಸಾಕ್ಷಿ ಕೇಳಿದರೆ ನಾಲ್ಕು ಸೀನಿಯರ್‌ಗಳ ಹೆಸರು ಬರುತ್ತೆ. ನಿಜವಾಗಿ ಬೇಕಾದ್ದು ನಾಲ್ಕು ಹೆಸರಲ್ಲ, ನಾಲ್ಕು ಮನೆಗಳಿರೋ ಒಂದು ಟೇಬಲ್. ಅವರು ಬಂದಾಗ ಫೇಲಾದವರು, ಅವರು ಬಂದಾಗ ಪಾಸಾದವರು, ಬೇರೆಯವರು ಬಂದಾಗ ಫೇಲಾದವರು, ಬೇರೆಯವರು ಬಂದಾಗ ಪಾಸಾದವರು. ನಾವು ತುಂಬಿಸೋದು ಮೊದಲನೇ ಮನೆ ಮಾತ್ರ. ಪಾಸಾದವನು ಕಾರಿಡಾರಿನಲ್ಲಿ ನಿಂತು ಕಥೆ ಹೇಳಲ್ಲ, ಬಸ್ ಹತ್ತಿ ಊರಿಗೆ ಹೋಗಿರ್ತಾನೆ.

ಇದೇ ಚಾಳಿ ಬೇರೆ ಕಡೆ ಜೀವ ತೆಗೆಯುತ್ತೆ.

2018ರಲ್ಲಿ ನಾನು ಎಂಟನೇ ಕ್ಲಾಸು. ನಮ್ಮೂರು ಬೀದರ್ ಜಿಲ್ಲೆ. ಆ ಬೇಸಿಗೆಯಲ್ಲಿ ನಮ್ಮನ್ನು ಆಟಕ್ಕೆ ಹೊರಗೆ ಬಿಡ್ತಿರಲಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಊರೂರಲ್ಲಿ ಸುದ್ದಿ. ಎಲ್ಲರ ಫೋನಿನಲ್ಲೂ ಒಂದು ವಿಡಿಯೊ: ಓಣಿಯಲ್ಲಿ ಹುಡುಗರು ಆಡ್ತಿದ್ದಾರೆ, ಬೈಕಿನಲ್ಲಿ ಇಬ್ಬರು ಬರ್ತಾರೆ, ಒಂದು ಮಗುವನ್ನ ಎತ್ತಿಕೊಂಡು ಹೋಗಿಬಿಡ್ತಾರೆ. ಅಷ್ಟೇ. ಸಿಸಿಟಿವಿ ದೃಶ್ಯದ ಹಾಗೇ ಕಾಣ್ತಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ ಜಾಹೀರಾತು. ಪೂರ್ತಿ ವಿಡಿಯೊದಲ್ಲಿ ಬೈಕಿನವರು ವಾಪಸ್ ಬಂದು ಮಗುವನ್ನ ಇಳಿಸಿ, ಮಕ್ಕಳನ್ನು ಅಪಹರಿಸೋಕೆ ಒಂದು ಕ್ಷಣ ಸಾಕು ಅನ್ನೋ ಅರ್ಥದ ಬೋರ್ಡು ತೋರಿಸ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿದ್ರು. ಒಂದೂ ಸುಳ್ಳು ಚಿತ್ರ ಸೇರಿಸಲಿಲ್ಲ, ಬರೀ ತೆಗೆದರು.

ಆ ವರ್ಷ ದೇಶದಲ್ಲಿ ಈ ವದಂತಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕ. ಜುಲೈ 1ರಂದು ಮಹಾರಾಷ್ಟ್ರದ ಧುಲೆ ಜಿಲ್ಲೆಯಲ್ಲಿ ಒಂದೇ ದಿನ ಐವರು. ಜುಲೈ 13ರಂದು ನಮ್ಮ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರ್.

ಅವತ್ತು ಆಗಿದ್ದು ಹೀಗೆ. ಹೈದರಾಬಾದಿನಿಂದ ಗೆಳೆಯರು ಕಾರಿನಲ್ಲಿ ಬಂದಿದ್ರು. ಅವರಲ್ಲಿ ಒಬ್ಬರು ಕತಾರಿನವರು. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಶಾಲೆ ಮಕ್ಕಳಿಗೆ ವಿದೇಶಿ ಚಾಕೊಲೇಟ್ ಕೊಟ್ರು. ನೋಡಿದವರಿಗೆ ಅನುಮಾನ ಬಂತು, ಜನ ಸೇರಿದ್ರು, ವಾಗ್ವಾದ ಆಯ್ತು. ಹೆದರಿದ ಗೆಳೆಯರು ಕಾರು ಹತ್ತಿ ಹೊರಟರು. ಅವರಿಗಿಂತ ಮೊದಲು ವಾಟ್ಸಾಪ್ ಮೆಸೇಜು ಮುರ್ಕಿ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ರು, ಕಾರು ಉರುಳಿತು, ನೂರಾರು ಜನ ಮುತ್ತಿದರು. ಬಿಡಿಸೋಕೆ ಬಂದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬರು ಉಳಿಯಲಿಲ್ಲ. ಆಮೇಲೆ ಗ್ರೂಪ್ ಅಡ್ಮಿನ್ ಸೇರಿ ಹಲವರ ಬಂಧನ ಆಯ್ತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನ ಒಮ್ಮೆಗೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಮಾಡೋ ಮಿತಿ ಘೋಷಿಸಿತು.

ಮರುದಿನ ನಮ್ಮ ಮನೆ ಕಟ್ಟೆಯ ಮೇಲೆ ಇದೇ ಮಾತು. ನಮ್ಮ ಕಾಕಾ ಒಳ್ಳೆ ಮನುಷ್ಯ, ಜಗಳಕ್ಕೆ ಹೋಗೋರಲ್ಲ. ಹೊಡೆದಿದ್ದು ತಪ್ಪು ಅಂತ ಅವರೂ ಅಂದ್ರು. ಆದರೆ ಅವರ ತಲೆಯಿಂದ ಒಂದು ಪ್ರಶ್ನೆ ಹೋಗಲಿಲ್ಲ: “ಎಲ್ಲಾ ಖರೆ, ಆದ್ರ ತಪ್ಪಿಲ್ಲಂದ್ರ ಯಾಕ ಓಡಿದ್ರು?” ಪಕ್ಕದಲ್ಲಿದ್ದವರು, “ಬೆಂಕಿ ಇಲ್ಲದ ಹೊಗಿ ಬರ್ತದೇನು?” ಅಂದ್ರು.

ಕಾಕಾನ ಆ ಪ್ರಶ್ನೆ ಬಹಳ ದಿನ ನನ್ನ ಜೊತೆ ಇತ್ತು. ಅದರಲ್ಲಿ ಎಲ್ಲೋ ಏನೋ ಸರಿಯಿಲ್ಲ ಅನಿಸ್ತಿತ್ತು, ಹೇಳೋಕೆ ಭಾಷೆ ಇರಲಿಲ್ಲ. ಭಾಷೆ ಸಿಕ್ಕಿದ್ದು ಇಲ್ಲಿ, ಮ್ಯಾಥ್ಸ್ ಕ್ಲಾಸಿನಲ್ಲಿ ಬೇಯ್ಸ್ ಪ್ರಮೇಯ ಬಂದಾಗ. ಓಡಿದ್ದು ಸಾಕ್ಷಿ ಆಗಬೇಕಾದ್ರೆ, ಕಳ್ಳ ಓಡೋ ಸಾಧ್ಯತೆಗೂ ಕಳ್ಳನಲ್ಲದವನು ಓಡೋ ಸಾಧ್ಯತೆಗೂ ವ್ಯತ್ಯಾಸ ಇರಬೇಕು. ಸಿಟ್ಟಾದ ಜನ ಸುತ್ತ ನಿಂತಾಗ ಕಳ್ಳನೂ ಓಡ್ತಾನೆ, ನೀವೂ ಓಡ್ತೀರಿ, ನಾನೂ ಓಡ್ತೀನಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಂಖ್ಯೆ. ಭಾಗಿಸಿದರೆ ಉತ್ತರ ಒಂದು. ಅಂದ್ರೆ ಓಡಿದ್ದರಿಂದ ನಮಗೆ ಗೊತ್ತಾಗಿದ್ದು ಸೊನ್ನೆ. ಓಡದೆ ನಿಂತು “ನಾವು ಕಳ್ಳರಲ್ಲ” ಅಂದಿದ್ರೆ? “ಕಳ್ಳ ಯಾವತ್ತಾದ್ರೂ ಹೌದು ಅಂತಾನಾ” ಅಂತಿದ್ರು. ಓಡಿದರೂ ಪುರಾವೆ, ನಿಂತರೂ ಪುರಾವೆ. ಚಾಕೊಲೇಟಿನ ಕಥೆಯೂ ಅದೇ. ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನೆಲ್ಲ ಎಣಿಸೋಕೆ ಹೋದರೆ ಮೊದಲ ಸಾಲಿನಲ್ಲಿ ನಮ್ಮ ಸೋದರಮಾವಂದಿರೇ ನಿಂತಿರ್ತಾರೆ.

ಅದಕ್ಕೇ ಯಾವುದೇ ‘ಪ್ರೂಫ್’ ಕಂಡಾಗ ನನಗೆ ಈಗ ಕೇಳಬೇಕು ಅನಿಸೋ ಪ್ರಶ್ನೆ ಇದು: ನಾನಂದುಕೊಂಡಿದ್ದು ಸುಳ್ಳಾಗಿದ್ರೂ ಇದು ಹೀಗೇ ಕಾಣ್ತಿತ್ತಾ? ಹೌದು ಅಂತಾದ್ರೆ ಅದು ಪ್ರೂಫ್ ಅಲ್ಲ.

ಇದೆಲ್ಲ ಹಳ್ಳಿ ಜನರ ಕಥೆ, ಓದಿದವರು ಹಿಂಗ್ ಮಾಡಲ್ಲ ಅಂತ ನಮ್ಮ ಕ್ಯಾಂಪಸ್ಸಿನಲ್ಲಿ ಒಂದು ಧಿಮಾಕು ಇದೆ. ಅದಕ್ಕೆ ಚಾಲೆಂಜರ್ ನೆನಪಿಸ್ತೀನಿ. ವದಂತಿ ಇಲ್ಲ, ಗುಂಪಿಲ್ಲ, ಟೇಬಲ್ ಸುತ್ತ ಇದ್ದವರೆಲ್ಲ ನುರಿತ ತಂತ್ರಜ್ಞರು. 1986ರ ಜನವರಿ 27ರ ರಾತ್ರಿ ನಾಸಾ ಮತ್ತು ರಾಕೆಟ್ ಬೂಸ್ಟರ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯವರ ನಡುವೆ ಫೋನ್ ಸಭೆ. ಮರುದಿನ ವಿಪರೀತ ಚಳಿ ಇರುತ್ತೆ, ಬೂಸ್ಟರಿನ ಜೋಡಣೆಗಳಲ್ಲಿರೋ ರಬ್ಬರಿನ ಓ-ರಿಂಗ್ ಸರಿಯಾಗಿ ಸೀಲ್ ಆಗಲ್ಲ, ಹಾರಿಸಬೇಡಿ ಅಂತ ಕಂಪನಿಯ ಇಂಜಿನಿಯರ್‌ಗಳು ಹೇಳಿದ್ರು. ಹಿಂದೆ ಓ-ರಿಂಗ್‌ಗೆ ಹಾನಿಯಾಗಿದ್ದ ಹಾರಾಟಗಳನ್ನ ನೋಡಿದರೆ, ಒಂದು 53 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಆಗಿದೆ, ಇನ್ನೊಂದು 75ರಲ್ಲಿ. ಚಳಿಯಲ್ಲೂ ಹಾನಿ, ಸೆಕೆಯಲ್ಲೂ ಹಾನಿ. ಹಾಗಾದ್ರೆ ತಾಪಮಾನಕ್ಕೂ ಇದಕ್ಕೂ ಏನು ಸಂಬಂಧ ಅಂತ ಎದುರು ವಾದ ಬಂತು. ಹಾರಿಸೋಣ ಅಂತ ತೀರ್ಮಾನ ಆಯ್ತು. ಬೆಳಿಗ್ಗೆ ಉಡಾವಣೆ ಹೊತ್ತಿಗೆ 36 ಡಿಗ್ರಿ, ಅಂದ್ರೆ ನಮ್ಮ ಲೆಕ್ಕದಲ್ಲಿ 2 ಡಿಗ್ರಿ ಸೆಲ್ಸಿಯಸ್. 73ನೇ ಸೆಕೆಂಡಿಗೆ ಏಳು ಜನರ ಸಮೇತ ಒಡೆದು ಹೋಯ್ತು.

ತನಿಖೆ ಮಾಡಿದ ರಾಜರ್ಸ್ ಆಯೋಗದ ವರದಿಯಲ್ಲಿ ಎರಡು ಗ್ರಾಫ್ ಇವೆ, ದಯವಿಟ್ಟು ಒಮ್ಮೆ ಹುಡುಕಿ ನೋಡಿ. ಮೊದಲನೆಯದರಲ್ಲಿ ಹಾನಿಯಾದ ಏಳು ಹಾರಾಟ ಮಾತ್ರ. ಚುಕ್ಕಿಗಳು ಅಲ್ಲೊಂದು ಇಲ್ಲೊಂದು, ಏನೂ ಗೊತ್ತಾಗಲ್ಲ. ಎರಡನೆಯದಕ್ಕೆ ಏನೂ ಆಗದೇ ಸುಸೂತ್ರವಾಗಿ ಹೋಗಿಬಂದ ಹಾರಾಟಗಳನ್ನೂ ಸೇರಿಸಿದ್ದಾರೆ. ತಕ್ಷಣ ಕಣ್ಣಿಗೆ ಹೊಡೆಯುತ್ತೆ: 66 ಡಿಗ್ರಿ ಮತ್ತು ಅದಕ್ಕಿಂತ ಮೇಲೆ ನಡೆದ 20ರಲ್ಲಿ ಹಾನಿ ಮೂರಕ್ಕೆ, 65ಕ್ಕಿಂತ ಕೆಳಗೆ ನಡೆದ ನಾಲ್ಕಕ್ಕೆ ನಾಲ್ಕೂ. ನೋಡಬೇಕಿದ್ದ ಸಾಕ್ಷಿ ‘ಏನೂ ಆಗಲಿಲ್ಲ’ ಅಂತ ಪಕ್ಕಕ್ಕಿಟ್ಟ ಚುಕ್ಕಿಗಳಲ್ಲಿತ್ತು. ವೈವಾ ಪಾಸಾಗಿ ಬಸ್ ಹತ್ತಿ ಹೋದವರ ಹಾಗೆ. ಡಾಟಾ ಎಲ್ಲ ಅವರ ಹತ್ತಿರವೇ ಇತ್ತು ಅನ್ನೋದು ನನಗೆ ಅತ್ಯಂತ ಹೆದರಿಕೆ ಹುಟ್ಟಿಸೋ ಸಂಗತಿ.

ಕಾಕಾ ಈಗಲೂ ದಿನಾ ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಹತ್ತು ಮೆಸೇಜು ಹಾಕ್ತಾರೆ. ಈ ಸೆಮ್ ಶುರುವಿನಲ್ಲಿ ಬಂದಿದ್ದು ಹಾಗಲಕಾಯಿ ರಸದ್ದು: ನಲವತ್ತು ದಿನ ಕುಡಿದರೆ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತಂತೆ, ಗುಳಿಗೆ ಬೇಡವೇ ಬೇಡವಂತೆ. ನಮ್ಮಪ್ಪಗೆ ಮೂರು ವರ್ಷದಿಂದ ಶುಗರ್ ಇದೆ. ಕುಡಿಯೋಕೆ ಶುರು ಮಾಡಿದ್ರು. ಬೆಳಗಿನ ಖಾಲಿ ಹೊಟ್ಟೆಯ ರೀಡಿಂಗ್ 180 ಇದ್ದದ್ದು 140ಕ್ಕೆ ಬಂತು. ಕಾಕಾಗೆ ಖುಷಿಯೋ ಖುಷಿ. ಇನ್ನು ಗುಳಿಗಿ ಬಿಡು ಅಂದ್ರು, ಅಪ್ಪನಿಗೂ ಮನಸ್ಸಾಗಿತ್ತು. ಆ ಸುದ್ದಿ ಅವ್ವ ಹೇಳಿದ ದಿನ ನನಗೆ ಕ್ಲಾಸಿನಲ್ಲಿ ಕೂರೋಕೆ ಆಗಲಿಲ್ಲ. ಅದೇ ತಿಂಗಳು ಡಾಕ್ಟರು ಗುಳಿಗೆಯ ಡೋಸ್ ಏರಿಸಿದ್ರು. ಅದನ್ನ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಫೋನ್ ಮಾಡಿ ಕಾಕಾಗೆ ಕೇಳಿದೆ, “ಕಾಕಾ, ಶುಗರ್ ಇಳಿಸಿದ್ದು ರಸಾನೋ ಗುಳಿಗಿನೋ, ಹ್ಯಾಂಗ ಗೊತ್ತಾಗಬೇಕು?”

“ಎರಡೂ ಕೂಡಿ ಇಳಿಸಿರ್ತಾವಪ್ಪ.”

“ಹಂಗಾದ್ರ ಒಂದು ಬಿಟ್ಟು ನೋಡೋಣ. ಗುಳಿಗಿ ಮುಟ್ಟೋದು ಬ್ಯಾಡ, ಅದು ಡಾಕ್ಟರ್ ಹೇಳಿದಂಗೇ ನಡೀಲಿ. ರಸ ಹದಿನೈದು ದಿನ ಬಿಡಲಿ. ದಿನಾ ರೀಡಿಂಗ್ ಬರೀರಿ.”

ಸ್ವಲ್ಪ ಹೊತ್ತು ಸುಮ್ಮನಿದ್ರು. “ಮತ್ತ ಏರಿದ್ರ?”

“ಏರಿದ್ರ ರಜೆಗೆ ಬಂದಾಗ ಸಂತಿಗೆ ಹೋಗಿ ಹಾಗಲಕಾಯಿ ನಾನೇ ತರ್ತೀನಿ.”

ಒಬ್ಬ ಮನುಷ್ಯನ ಹದಿನೈದು ದಿನದ ಲೆಕ್ಕದಿಂದ ಶಾಸ್ತ್ರ ಹುಟ್ಟಲ್ಲ ಅಂತ ನನಗೂ ಗೊತ್ತು. ಆದರೆ ಏರಿದ್ರೆ ಏನು, ಏರದಿದ್ರೆ ಏನು ಅಂತ ಮೊದಲೇ ಮಾತಾಡಿಕೊಂಡು ನಮ್ಮ ಮನೆಯಲ್ಲಿ ಒಂದು ವಿಷಯ ನೋಡ್ತಿರೋದು ಇದೇ ಮೊದಲು. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪ ದಿನಾ ಒಂದು ನಂಬರ್ ಬರೆದು ಫೋಟೋ ಕಳಿಸ್ತಾರೆ. ಕಾಕಾನೂ ಬೆಳಿಗ್ಗೆ ಚಹಾಕ್ಕೆ ಬಂದು ಅದನ್ನ ನೋಡಿ ಹೋಗ್ತಾರಂತೆ. ಇವತ್ತಿಗೆ ಒಂಬತ್ತನೇ ದಿನ.