ನಂದಿಗಿರಿಗೆ ಸಣ್ಣ ಮೋಟಾರಿನಲ್ಲಿ

ಹೊಸ ಮೋಟಾರು ಕೊಳ್ಳುವವರಿಗೆ ಅಂಗಡಿಯವರು ತೋರಿಸುವ ದಾರಿ ಯಾವಾಗಲೂ ನುಣ್ಣಗಿರುತ್ತದೆ. ಒಳಗಿನ ತಂಪುಗಾಳಿಯಲ್ಲಿ ಎರಡು ಕಿಲೋಮೀಟರು ಹೋಗಿಬರುವಷ್ಟರಲ್ಲಿ ಕೊಳ್ಳುವವರ ವಿವೇಕವೂ ತಣ್ಣಗಾಗಿಬಿಡುವುದುಂಟು. ಆದಕಾರಣ ನಾವು ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಬೇಡಿದ್ದು ಒಂದೇ ಉಪಕಾರ: ಗಾಡಿಯನ್ನು ನಂದಿಬೆಟ್ಟಕ್ಕೆ ಹತ್ತಿಸಿ ಇಳಿಸಲು ಅಪ್ಪಣೆಯಾಗಬೇಕು. ಅಲ್ಲಿನ ತರುಣರು ಸ್ವಲ್ಪ ಹಿಂದುಮುಂದು ನೋಡಿ, ತಾವೂ ಜೊತೆಗೆ ಬರುವುದಾದರೆ ಆಗಬಹುದೆಂದರು. ಕಳೆದ ಕಾರ್ತಿಕ ಮಾಸದ ಒಂದು ಬುಧವಾರ ಬೆಳಗ್ಗೆ ಹೊರಟೆವು.

ನಂದಿಬೆಟ್ಟವೇ ಏಕೆಂಬುದಕ್ಕೆ ಕಾರಣವುಂಟು. 1991ನೆಯ ಇಸವಿಯಲ್ಲಿ ಇದೇ ಬೆಟ್ಟದಿಂದ ಇಳಿಯುತ್ತಿದ್ದಾಗ ನಮ್ಮ ಹಳೆಯ ಗಾಡಿಯ ಬ್ರೇಕು ಹಿಡಿಯದೆ ಹೋಗಿ, ಗಾಡಿಯು ಒಂದು ತಿರುವಿನಲ್ಲಿ ಒಳಬದಿಯ ಮಣ್ಣುದಿಬ್ಬಕ್ಕೆ ತಗುಲಿ ನಿಂತಿತು. ನಮ್ಮ ಮನೆಯವರ ತೊಡೆಯ ಮೇಲೆ ವರ್ಷದ ಮಗುವಿದ್ದಿತು. ಯಾರಿಗೂ ಏಟಾಗಲಿಲ್ಲ, ಆದರೆ ಆ ದಿನದಿಂದ ಆಕೆ ನಮ್ಮ ಸಾರಥ್ಯದಲ್ಲಿ ಯಾವ ಬೆಟ್ಟವನ್ನೂ ಹತ್ತಿದವರಲ್ಲ. ನಂದಿಗೆ ಹೋಗುವ ಮಾತು ಬಂದಾಗಲೆಲ್ಲ “ಬಸ್ಸಿನಲ್ಲಿ ಹೋಗೋಣ” ಎಂಬುದೇ ಉತ್ತರ. ಈಗ ಆ ಮಗುವೇ ದೊಡ್ಡವನಾಗಿ, ತಾನೇ ಗೇರು ಬದಲಿಸಿಕೊಳ್ಳುವ ದೊಡ್ಡ ಗಾಡಿಯನ್ನೇ ಕೊಳ್ಳಿರೆಂದು ನಮಗೆ ಉಪದೇಶಮಾಡುತ್ತಿದ್ದಾನೆ. ನಮಗೋ ಚಿಕ್ಕ ಗಾಡಿಯ ಮೇಲೆ ಮನಸ್ಸು. “ನಾನು ಕೂತು ನೋಡುತ್ತೇನೆ, ಆಮೇಲೆ ಹೇಳುತ್ತೇನೆ” ಎಂದು ಆಕೆಯೇ ತೀರ್ಪುಗಾರರಾಗಿ ಬಂದರು.

ಗಾಡಿಯ ಹೆಸರು ಸ್ವಿಫ್ಟ್. 2005ರಲ್ಲಿ ನಮ್ಮ ದೇಶದ ಅಂಗಡಿಗಳಿಗೆ ಬಂದಿತು; ನಾವು ನಡೆಸಿದ್ದು 2024ರಲ್ಲಿ ಬಂದ ನಾಲ್ಕನೆಯ ತಲೆಮಾರಿನದು. ನಾಲ್ಕು ಮೀಟರಿಗೆ ಕಡಿಮೆ ಉದ್ದ, ಒಂದು ಟನ್ನಿಗೆ ಕಡಿಮೆ ತೂಕ, ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ಸುಮಾರು 80 ಅಶ್ವಶಕ್ತಿ. ಇದರದೇ ಹೆಚ್ಚು ಬಲದ ‘ಸ್ಪೋರ್ಟ್’ ಎಂಬ ರೂಪವನ್ನು ಹೊರದೇಶಗಳಲ್ಲಿ ಮಾರಿದ್ದಾರೆ, ನಮ್ಮಲ್ಲಿಗೆ ತರಲಿಲ್ಲ. ತಂದಿದ್ದರೆ ನಮ್ಮ ವಯಸ್ಸಿಗೆ ಅಪಾಯವೇ ಆಗುತ್ತಿತ್ತೇನೋ!

ದ್ರಾಕ್ಷಿಯ ಚಪ್ಪರಗಳ ಮತ್ತು ಹೂವಿನ ತೋಟಗಳ ನಡುವಿನ ದಾರಿ. ನಂದಿ ಗ್ರಾಮದಲ್ಲಿ ಭೋಗನಂದೀಶ್ವರನಿಗೆ ಕೈಮುಗಿದು ಮುಂದೆ ಸಾಗಿದೆವು. ಕೆಳಗೆ ಭೋಗನಂದಿ, ಬೆಟ್ಟದ ನೆತ್ತಿಯಲ್ಲಿ ಯೋಗನಂದಿ. ಮೋಟಾರು ಕೊಳ್ಳುವ ಆಸೆಯುಳ್ಳವರು ಯಾವ ದೇವರ ಬಳಿ ಮೊದಲು ನಿಲ್ಲತಕ್ಕದ್ದೆಂಬುದನ್ನು ಹೇಳಬೇಕಾಗಿಲ್ಲ. ಬೆಟ್ಟದ ಬುಡವನ್ನು ಬಳಸಿಕೊಂಡು ಹೋಗಿ ಏರುದಾರಿಯನ್ನು ಹಿಡಿದೆವು.

ಚಿಕ್ಕ ಗಾಡಿಯ ಸುಖವನ್ನು ಬಯಲಿನಲ್ಲಿ ಅರಿಯುವುದು ಕಷ್ಟ. ಹೆದ್ದಾರಿಯಲ್ಲಿ ಎಲ್ಲ ಗಾಡಿಗಳೂ ಒಂದೇ. ತಿರುವು ಬಂದಾಗಲೇ ಅವುಗಳ ಜಾತಿ ತಿಳಿಯುವುದು. ಭಾರವಾದ ಗಾಡಿಯನ್ನು ತಿರುಗಿಸಿದರೆ ಮೂತಿ ಮೊದಲು ತಿರುಗಿ, ಒಡಲು ಆಮೇಲೆ ವಾಲಿ, ಕೊನೆಗೆ ಹಿಂಭಾಗವು ಮನಸ್ಸಿಲ್ಲದ ಆಳಿನಂತೆ ಹಿಂಬಾಲಿಸುತ್ತದೆ. ಇದಾದರೋ ಚಕ್ರಗಳನ್ನು ನಾಲ್ಕು ಮೂಲೆಗಳಿಗೆ ಸರಿಸಿಕೊಂಡು ಕುಳಿತಿರುವುದರಿಂದ ಇಡಿಯ ಗಾಡಿ ಒಂದೇ ಸಲಕ್ಕೆ ತಿರುಗಿತು. ಎರಡನೆಯ ಗೇರಿನಲ್ಲಿ ತಿರುವನ್ನು ಹೊಕ್ಕು, ದಾರಿ ನೆಟ್ಟಗಾದೊಡನೆ ಕಾಲನ್ನೊತ್ತಿದರೆ, ಮುಂದಿನ ಚಕ್ರಗಳು ಗಾಡಿಯನ್ನು ಹಗ್ಗ ಕಟ್ಟಿ ಎಳೆದಂತೆ ಮೇಲಕ್ಕೆ ಸೆಳೆದವು. ಮುಳ್ಳು ಗಂಟೆಗೆ 30 ಕಿಲೋಮೀಟರನ್ನು ದಾಟಿದ್ದು ಅಪರೂಪ. ಆದರೂ ಹದಿನೆಂಟರ ಹುಡುಗನಂತೆ ನಗು ತಡೆಯಲಾರದೆ ಹೋದೆವು. ಆರನೆಯದೋ ಏಳನೆಯದೋ ತಿರುವಿನಲ್ಲಿ ಉತ್ಸಾಹವು ಅಳತೆಮೀರಿತೆಂದು ತೋರುತ್ತದೆ. ಪಕ್ಕದಿಂದ ಕೈಯೊಂದು ಮುಂದಿನ ಹಲಗೆಯನ್ನು ಹಿಡಿಯಿತು. ಮಾತಿಲ್ಲ. ನಾವೂ ಮಾತಿಲ್ಲದೆ ನಿಧಾನಮಾಡಿದೆವು.

ಸಮುದ್ರಮಟ್ಟದಿಂದ 1,478 ಮೀಟರು ಎತ್ತರದ ನೆತ್ತಿಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. 1927ರಲ್ಲಿ ಗಾಂಧಿಯವರು ಆರೋಗ್ಯ ಸುಧಾರಿಸಿಕೊಳ್ಳಲು ತಂಗಿದ್ದ ಸ್ಥಳವಿದು. ಇಲ್ಲಿನ ಗಾಳಿಯನ್ನು ಹೊಗಳುವುದಕ್ಕೆ ಬೇರೆ ಸಾಕ್ಷಿ ಬೇಡ. ಅಂಗಡಿಯ ತರುಣರು ಮಾತ್ರ ಗಾಡಿಯನ್ನು ಬಿಟ್ಟು ಕದಲಲಿಲ್ಲ. ಎರಡು ಕೋತಿಗಳು ಅದರ ಮೇಲೆ ಕಣ್ಣಿಟ್ಟಿದ್ದವು. ನಾವು ಕಾಫಿ ಕುಡಿದು, ಅವರಿಗೂ ಒಂದು ಲೋಟ ಕೊಂಡೊಯ್ದೆವು.

ಇಳಿಯುವ ಮೊದಲು ಗಾಡಿಯನ್ನು ಎರಡನೆಯ ಗೇರಿಗೆ ಹಾಕಿದೆವು. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಬೆಟ್ಟದ ಚಾಲಕರ ಹಳೆಯ ನೇಮ. ಕಾಲನ್ನು ತೆಗೆದಾಗ ಎಂಜಿನ್ನೇ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತದೆ. ಬ್ರೇಕನ್ನು ತಿರುವಿಗೊಮ್ಮೆ ಮುಟ್ಟಿದರೆ ಸಾಕು. ಗಾಡಿಯು ಗುರುಗುಟ್ಟುತ್ತ, ತನ್ನನ್ನು ತಾನೇ ತಡೆದುಕೊಳ್ಳುತ್ತ ಇಳಿಯತೊಡಗಿತು.

ಅರ್ಧ ದಾರಿಯಲ್ಲಿ ಆಕೆ ಕೇಳಿದರು: “ಬ್ರೇಕು ಒತ್ತದೆಯೇ ನಿಧಾನವಾಗಿ ಹೋಗುತ್ತಿದೆಯಲ್ಲ, ಹೇಗೆ?”

ಹೇಳಿದೆವು.

“ಆವತ್ತಿನ ಗಾಡಿಯಲ್ಲೂ ಹೀಗೆ ಮಾಡಬಹುದಿತ್ತೇ?”

ಹಿಂದಿನ ಆಸನದಲ್ಲಿ ಅಪರಿಚಿತ ತರುಣರು ಕುಳಿತಿದ್ದರು. ಬೇಕಾಗಿದ್ದರೆ ಮಾತನ್ನು ಮರೆಸಬಹುದಾಗಿದ್ದಿತು. ಮೂವತ್ತು ವರ್ಷಗಳಿಗೂ ಮೀರಿ ಬಂಧುಬಳಗಕ್ಕೆಲ್ಲ “ಬ್ರೇಕು ಕೆಟ್ಟಿತ್ತು” ಎಂದೇ ಹೇಳಿಕೊಂಡು ಬಂದವರು ನಾವು. ನಿಜವೇನೆಂದರೆ, ಆ ದಿನ ನಾಲ್ಕು ಕಾಸಿನ ಪೆಟ್ರೋಲು ಉಳಿಸಲೆಂದು ಗೇರನ್ನು ಕಳಚಿ, ಬರಿಯ ಬ್ರೇಕನ್ನೇ ನೆಚ್ಚಿ ಗಾಡಿಯನ್ನು ಜಾರಬಿಟ್ಟಿದ್ದೆವು. ಒತ್ತಿದ ಬ್ರೇಕು ಒತ್ತಿದಂತೆಯೇ ಇದ್ದು ಕಾದುಹೋಯಿತು. ಕಾದ ಬ್ರೇಕು ಹಿಡಿಯುವುದಿಲ್ಲ. ಗಾಡಿಯಲ್ಲಿ ದೋಷವಿರಲಿಲ್ಲ.

“ಮಾಡಬಹುದಿತ್ತು,” ಎಂದೆವು. “ತಪ್ಪು ನಮ್ಮದೇ.”

ಆಕೆ ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಆ ಹಳೆಯ ತಿರುವು ಬಂದು ಹೋಯಿತು. ಮಣ್ಣುದಿಬ್ಬದ ಗುರುತು ನಮಗಂತೂ ಸಿಕ್ಕಲಿಲ್ಲ. ಬಯಲಿಗಿಳಿದು ನಂದಿ ಗ್ರಾಮ ಸಮೀಪಿಸುವವರೆಗೂ ಗಾಡಿಯೊಳಗೆ ಎಂಜಿನ್ನಿನ ಸದ್ದೊಂದೇ. ತರುಣರು ಪಾಪ, ವ್ಯಾಪಾರ ಕೆಟ್ಟಿತೆಂದೇ ಬಗೆದಿರಬೇಕು. ಸಾಲದ ಬಡ್ಡಿಯ ವಿಚಾರವನ್ನು ಎರಡು ಸಲ ಆರಂಭಿಸಿ ಎರಡು ಸಲವೂ ನಿಲ್ಲಿಸಿದರು.

ದೇವಸ್ಥಾನದ ಬಳಿ ಸೀಬೆಹಣ್ಣಿನವಳನ್ನು ಕಂಡು ಆಕೆ ಗಾಡಿ ನಿಲ್ಲಿಸಿರೆಂದರು. ಒಂದು ಕಿಲೋ ಕೊಂಡು, ಚೌಕಾಸಿ ಮಾಡಿ ಮೇಲೆರಡನ್ನು ಹಾಕಿಸಿಕೊಂಡು, ಒಂದನ್ನು ತರುಣರ ಕೈಗಿತ್ತು ಕೇಳಿದರು:

“ಯಾವ ಯಾವ ಬಣ್ಣ ಇದೆಯಪ್ಪ? ಕಪ್ಪು ಮಾತ್ರ ಬೇಡ. ನಮ್ಮ ಊರಿನ ಧೂಳಿಗೆ ದಿನಕ್ಕೆರಡು ಸಲ ಒರೆಸಬೇಕಾಗುತ್ತದೆ.”