ಐದನೇ ಒಂದು ಪಾಲು

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿ. ಬೆಳಗಿನ ಎಂಟು ಗಂಟೆ; ಸ್ಪೇರ್ ಪಾರ್ಟ್ಸ್ ಅಂಗಡಿಗಳ ಷಟರುಗಳು ಇನ್ನೂ ಅರ್ಧಕ್ಕೇ ನಿಂತಿವೆ. ಗ್ಯಾರೇಜಿನೆದುರು ಬಾನೆಟ್ ಎತ್ತಿಕೊಂಡು ನಿಂತಿರುವ ಕೆನೆಬಣ್ಣದ ಕಾರು ಪ್ರೀಮಿಯರ್ ಪದ್ಮಿನಿ, ನಮ್ಮೆಲ್ಲರ ಬಾಯಲ್ಲಿ ಫಿಯಟ್. ಮುಂಬೈಯ ಕುರ್ಲಾದಲ್ಲಿ ತಯಾರಾದ 1089 ಸಿಸಿ ಇಂಜಿನ್, ನಾಲ್ಕು ಸಿಲಿಂಡರ್, ಒಂದು ಕಾರ್ಬುರೇಟರ್. ಸೆನ್ಸರು, ಕಂಪ್ಯೂಟರು ಹುಡುಕಿದರೂ ಸಿಗುವುದಿಲ್ಲ. ಹತ್ತಿರ ಬನ್ನಿ, ಮೇಸ್ತ್ರಿ ಏನೋ ತೋರಿಸಬೇಕೆಂದು ಕರೆಯುತ್ತಿದ್ದಾರೆ.

ಅವರ ಕೈಯಲ್ಲಿ ಗೇಣುದ್ದದ ರಬ್ಬರ್ ಪೈಪು. ಪೆಟ್ರೋಲ್ ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪು ಅದು. ಎರಡು ಬೆರಳಲ್ಲಿ ಬಗ್ಗಿಸುತ್ತಾರೆ; ಮೈತುಂಬ ಕೂದಲೆಳೆಯಂಥ ಸೀಳುಗಳು ಬಾಯಿಬಿಡುತ್ತವೆ. ತುದಿ ಉಬ್ಬಿ ಮೆತ್ತಗಾಗಿದೆ, ಒತ್ತಿದರೆ ಬೆರಳಿಗೆ ಮಸಿ ಹತ್ತುತ್ತದೆ.

"ಮೊದ್ಲೆಲ್ಲ ಇದನ್ನ ವರ್ಷಗಟ್ಟಲೆ ಮುಟ್ತಾನೇ ಇರ್ಲಿಲ್ಲ ಸಾರ್. ಈಗ ಬರೋ ಹಳೇ ಗಾಡಿಗೆಲ್ಲ ಮೊದ್ಲು ಪೈಪೇ ನೋಡೋದು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದ್ರೆ ಏನ್ ಗತಿ?"

ಬೆಂಚಿನ ಮೇಲೆ ಕಾರ್ಬುರೇಟರ್ ಬಿಚ್ಚಿ ಹರಡಿದ್ದಾರೆ. ಫ್ಲೋಟ್ ಇರುವ ಬಟ್ಟಲಿನ ತಳ ನೋಡಿ. ಬೂದುಬಣ್ಣದ ಲೋಹದ ಮೇಲೆ ಉಪ್ಪಿನಂತೆ ಬಿಳಿಪುಡಿ ಕೂತಿದೆ, ಮೂಲೆಯಲ್ಲಿ ಒಂದು ಹನಿ ನೀರು ಪೆಟ್ರೋಲಿನ ಅಡಿಯಲ್ಲಿ ಮಣಿಯಾಗಿ ಹೊರಳುತ್ತಿದೆ. ಈಗಿನ ಪೆಟ್ರೋಲಿಗೆ ಬೆರೆಸುವ ಎಥನಾಲ್‌ಗೆ ನೀರನ್ನು ಎಳೆದುಕೊಳ್ಳುವ ಗುಣವಿದೆ. ಕಾರು ತಿಂಗಳುಗಟ್ಟಲೆ ಷೆಡ್ಡಿನಲ್ಲಿ ನಿಂತರೆ ಗಾಳಿಯ ತೇವವನ್ನೆಲ್ಲ ಅದು ಹೀರುತ್ತ ಹೋಗುತ್ತದೆ. ನೀರು ಒಂದು ಮಿತಿ ದಾಟಿತೆಂದರೆ ಎಥನಾಲ್ ಪೆಟ್ರೋಲಿನ ಸಂಗ ಬಿಟ್ಟು, ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಹಳೆಯ ಕಾರ್ಬುರೇಟರುಗಳ ಸತು ಮತ್ತು ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ತುಕ್ಕು ಹತ್ತುವುದು ಆಗಲೇ. ಭಾನುವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವ ಕಾರುಗಳಿಗೇ ಈ ಕಾಟ ಜಾಸ್ತಿ. ಹಳೆಯ ಕಾರು ಪ್ರೀತಿಯಿಂದ ಸಾಕುವವರೆಲ್ಲ ಹಾಗೇ ತೆಗೆಯುವವರು.

ಈಗ ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಸರಿಯಾಗಿ ಉರಿದ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿರಬೇಕು. ಇದು ಸುಣ್ಣ ಬಳಿದಷ್ಟು ಬೆಳ್ಳಗಿದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಉರಿದಿದೆ ಎಂದು ಅರ್ಥ. ಬರಿ ಪೆಟ್ರೋಲ್ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಹೊಸ ಕಾರಿನ ಇಂಜೆಕ್ಷನ್ ಈ ವ್ಯತ್ಯಾಸವನ್ನು ಹೊಗೆಕೊಳವೆಯ ಆಮ್ಲಜನಕದಿಂದಲೇ ಅಳೆದು ಇಂಧನವನ್ನು ತಾನಾಗಿ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಗೊತ್ತಿರುವುದು ಹಿತ್ತಾಳೆಯ ಜೆಟ್ಟಿನ ತೂತು ಮಾತ್ರ. ಮೇಸ್ತ್ರಿ ಅದನ್ನು ಚಿಟಿಕೆಯಲ್ಲಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಜೋಳದ ಕಾಳಿಗಿಂತ ಕೊಂಚ ದೊಡ್ಡದು, ನಡುವೆ ಸೂಜಿಮೊನೆಯ ತೂತು. ಅದನ್ನು ತೆಗೆದು ಒಂದು ನಂಬರ್ ದೊಡ್ಡ ಜೆಟ್ ಕೂರಿಸುತ್ತಾರೆ. ರಬ್ಬರ್ ಪೈಪಿನ ಜಾಗಕ್ಕೆ ಎಥನಾಲ್ ತಾಳುವ ಫ್ಲೋರಿನ್ ರಬ್ಬರಿನ ಪೈಪು ಬರುತ್ತದೆ. ಅದು ಮಾಮೂಲಿ ಪೈಪಿಗಿಂತ ದುಬಾರಿ, ಆದರೆ ಚೌಕಾಶಿ ಮಾಡುವ ಜಾಗ ಇದಲ್ಲ.

ಚೋಕ್ ಎಳೆದು ಕೀ ತಿರುಗಿಸುತ್ತೇನೆ. ಎರಡು ಸಲ ಮುಲುಕಿ ಇಂಜಿನ್ ಹಿಡಿಯುತ್ತದೆ. ಮೇಸ್ತ್ರಿ ಸ್ಕ್ರೂ ಡ್ರೈವರಿನಿಂದ ಐಡ್ಲಿಂಗ್ ಸ್ಕ್ರೂವನ್ನು ಕಾಲು ಸುತ್ತು ಆ ಕಡೆ, ಅರೆಕಾಲು ಸುತ್ತು ಈ ಕಡೆ ತಿರುಗಿಸುತ್ತ ಕಿವಿಗೊಟ್ಟು ನಿಂತಿದ್ದಾರೆ. ಸದ್ದು ಒಂದೇ ಸಮಕ್ಕೆ ಬಂದಾಗ ಕೈ ಒರೆಸಿಕೊಂಡು, "ಹೋಗ್ಬನ್ನಿ ಸಾರ್, ಮಂಡ್ಯದವರ್ಗೂ ಏನೂ ತೊಂದ್ರೆ ಇಲ್ಲ" ಎನ್ನುತ್ತಾರೆ.

ಮುಂದಿನ ಸೀಟಿಗೆ ಬನ್ನಿ. ಎಡದಿಂದ ಬಲದವರೆಗೆ ಒಂದೇ ಸೋಫಾ ಸೀಟು. ಗೇರು ಸ್ಟಿಯರಿಂಗಿನ ಬುಡದಲ್ಲೇ ಇದೆ, ಎಸಿ ಇಲ್ಲ. ಕಿಟಕಿಯ ಮೂಲೆಯ ತ್ರಿಕೋನದ ಗಾಜನ್ನು ತಿರುಗಿಸಿದರೆ ಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ. ಕೆಂಗೇರಿಗೆ ಮುಂಚೆ ಬಂಕಿಗೆ ತಿರುಗಿಸೋಣ.

"ಝೀರೋ ನೋಡ್ಕೊಳ್ಳಿ ಸಾರ್."

ಸೊನ್ನೆಗಳಿಂದ ಅಂಕಿಗಳು ಓಡತೊಡಗುತ್ತವೆ. ಲೀಟರಿನ ಅಂಕಿಗಿಂತ ರೂಪಾಯಿಯ ಅಂಕಿ ನೂರುಪಟ್ಟು ವೇಗದಲ್ಲಿ. ಬೆಂಗಳೂರಿನಲ್ಲಿ ನೂರರ ಗಡಿ ದಾಟಿದ ಬೆಲೆಯ ನೆನಪು ಹಳೆಯದೇನಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ ಮೂರು ರೂಪಾಯಿ ಒಂದೇ ಏಟಿಗೆ ಏರಿ ದರ 102 ದಾಟಿತು. ನಮ್ಮ ಟ್ಯಾಂಕಿಗೆ ಈಗ ಬೀಳುತ್ತಿರುವುದು ಇ20, ಐದರಲ್ಲಿ ಒಂದು ಪಾಲು ಎಥನಾಲ್. ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟದ್ದು ಇದೇ ಬೆಂಗಳೂರಿನಲ್ಲಿ, 2023ರ ಫೆಬ್ರುವರಿ 6ರಂದು. ಶೇ 20ರ ಗುರಿ ಮೊದಲು 2030ಕ್ಕೆಂದು ಇತ್ತು, ಅದನ್ನು ಐದು ವರ್ಷ ಹಿಂದಕ್ಕೆ ಎಳೆದು ಮುಗಿಸಿದರು. ಹೊಸ ಕಾರುಗಳ ಪೈಪು, ಸೀಲುಗಳು ಇ20 ತಾಳುವಂತೆ ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಅದಕ್ಕೆ ಮುಂಚಿನ ಕೋಟ್ಯಂತರ ಗಾಡಿಗಳು ಇವತ್ತು ಇದೇ ನಾಝಲ್ಲಿನ ಮುಂದೆ ಸಾಲು ನಿಂತಿವೆ.

ರಸ್ತೆಗಿಳಿಯುವ ಮುಂಚೆ ಲೆಕ್ಕ ಹಾಕಿಬಿಡೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥನಾಲಿನಲ್ಲಿ ಸುಮಾರು 21. ಐದನೇ ಒಂದು ಪಾಲು ಬೆರೆಸಿದರೆ ಲೀಟರಿನ ಕಸುವು ಶೇ 6ರಿಂದ 7 ಇಳಿಯುತ್ತದೆ. 2021ರ ನೀತಿ ಆಯೋಗದ ವರದಿಯೂ ಇ20ಕ್ಕೆಂದು ರೂಪಿಸದ ಹಳೆಯ ಕಾರುಗಳ ಮೈಲೇಜು ಶೇ 6–7 ಕಡಿಮೆಯಾಗುತ್ತದೆ ಎಂದೇ ಅಂದಾಜು ಮಾಡಿತ್ತು. ಲೀಟರಿಗೆ 12 ಕಿಲೋಮೀಟರ್ ಕೊಡುವ ಫಿಯಟ್ ಹನ್ನೊಂದೂಕಾಲಕ್ಕೆ ಇಳಿದರೆ, ಮಂಡ್ಯದವರೆಗಿನ ನೂರು ಕಿಲೋಮೀಟರಿಗೆ ಹೆಚ್ಚುವರಿಯಾಗಿ ಅರ್ಧ ಲೀಟರಿಗಿಂತ ತುಸು ಜಾಸ್ತಿ ಬೇಕು. ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು ಐವತ್ತೇಳು ರೂಪಾಯಿ. ಭಾನುವಾರದ ಫಿಯಟ್ಟಿಗೆ ಇದು ದೊಡ್ಡದಲ್ಲ. ದಿನಾ ಇನ್ನೂರು ಕಿಲೋಮೀಟರ್ ಓಡಿಸುವ ಹಳೆಯ ಟ್ಯಾಕ್ಸಿಯವನಿಗೆ ತಿಂಗಳ ಕೊನೆಯಲ್ಲಿ ಮನೆಯ ದಿನಸಿ.

ಎಥನಾಲ್ ಸಮರ್ಥಕರು ಆಕ್ಟೇನ್ ಮಾತೆತ್ತುತ್ತಾರೆ. ಮಾತು ನಿಜ. ಎಥನಾಲ್ ಬೆರೆತರೆ ಆಕ್ಟೇನ್ 91ರಿಂದ 95ಕ್ಕೆ ಏರುತ್ತದೆ, ಒತ್ತಡ ಹೆಚ್ಚಿರುವ ಇಂಜಿನ್ನುಗಳು ಅದರಿಂದ ಚುರುಕಾಗುತ್ತವೆ. ಆದರೆ ಎಂಟಕ್ಕೂ ಕಡಿಮೆ ಕಂಪ್ರೆಷನ್ನಿನ ಈ ಇಂಜಿನ್ನಿಗೆ ಆ ಹೆಚ್ಚುವರಿ ಆಕ್ಟೇನ್ ಕಟ್ಟಿಕೊಂಡು ಆಗಬೇಕಾದ್ದು ಏನೂ ಇಲ್ಲ.

ಎಕ್ಸ್‌ಪ್ರೆಸ್‌ವೇ ಬೇಡ, ಊರೊಳಗಿನ ಹಳೆಯ ರಸ್ತೆಯಲ್ಲೇ ಹೋಗೋಣ. ಬಿಡದಿ ಬಂತು. ಇಲ್ಲಿ ಕಾರ್ಖಾನೆ ಇರುವ ಟೊಯೊಟಾ 2023ರ ಆಗಸ್ಟ್‌ನಲ್ಲಿ ಎಥನಾಲ್ ಪಾಲು ಹೆಚ್ಚಿದ್ದರೂ ಹೊಂದಿಕೊಳ್ಳುವ ಇನ್ನೋವಾ ಹೈಕ್ರಾಸ್‌ನ ಮಾದರಿಯೊಂದನ್ನು ತೋರಿಸಿತು. ಗಾಡಿಯನ್ನೇ ಇಂಧನಕ್ಕೆ ತಕ್ಕಂತೆ ಕಟ್ಟುವ ಈ ದಾರಿ ಸರಿಯಾದದ್ದು. ವಿದ್ಯುತ್ ಕಾರಿನ ದಾರಿಯನ್ನಂತೂ ಬೆಂಗಳೂರು 2001ರಲ್ಲೇ ರೇವಾ ಇಳಿಸಿ ಹಿಡಿದಿತ್ತು. ಫಿಯಟ್ಟಿನ ಇಂಜಿನ್ ಕಿತ್ತು ಬ್ಯಾಟರಿ ಕೂರಿಸುವುದೂ ಇವತ್ತು ಆಗದ ಕೆಲಸವಲ್ಲ. ನನಗೆ ಮನಸ್ಸು ಬರುವುದಿಲ್ಲ. ಈ ಇಂಜಿನ್ನಿನ ಸದ್ದನ್ನು ಕೇಳಲೆಂದೇ ಇದನ್ನು ಉಳಿಸಿಕೊಂಡವರು ನಾವು.

ರಾಮನಗರದ ಬಂಡೆಗಳು ಕಾದು ಬಿಸಿಗಾಳಿ ಒಳಗೆ ನುಗ್ಗುತ್ತಿದೆ. ಆಕ್ಸಿಲರೇಟರ್ ಒತ್ತಿದರೂ ಕಾರು ಮುಗ್ಗರಿಸುತ್ತದೆ, ಇನ್ನೊಮ್ಮೆ, ಆಮೇಲೆ ಸದ್ದೇ ಇಲ್ಲ. ಅದೇ ವೇಗದಲ್ಲಿ ರಸ್ತೆ ಬದಿಯ ಹೊಂಗೆ ಮರದ ನೆರಳಿಗೆ ಹೊರಳಿಸುತ್ತೇನೆ. ಬಾನೆಟ್ ಎತ್ತಿ, ಪಂಪ್ ಮುಟ್ಟಬೇಡಿ, ಸುಡುತ್ತಿದೆ. ಪೈಪಿನೊಳಗೆ ಪೆಟ್ರೋಲ್ ಕುದಿದು ಆವಿಯಾಗಿ ಹರಿವು ನಿಂತಿದೆ. ಎಥನಾಲ್ ಬೆರೆತ ಪೆಟ್ರೋಲ್ ಬಿಸಿಗೆ ಬೇಗ ಆವಿಯಾಗುತ್ತದೆ, ಇಂಜಿನ್ನಿಗೆ ಅಂಟಿಕೊಂಡಿರುವ ಹಳೆಯ ಪಂಪುಗಳಿಗೆ ಅದನ್ನು ಎಳೆಯಲು ಆಗುವುದಿಲ್ಲ. ಮದ್ದು ಎಲ್ಲ ಫಿಯಟ್, ಅಂಬಾಸಿಡರ್ ಮಾಲೀಕರಿಗೂ ಗೊತ್ತು: ಡಿಕ್ಕಿಯಲ್ಲಿರುವ ಹಳೆಯ ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತುವುದು. ಚುಯ್ ಎಂದು ಹಬೆ ಏಳುತ್ತದೆ. ಹತ್ತು ನಿಮಿಷ ಕಾಯಬೇಕು.

ನೆರಳು ಕೊಟ್ಟ ಈ ಹೊಂಗೆಯೇ ಇಂಧನದ ಮರ. ಸೀಮೆಎಣ್ಣೆ ಬರುವ ಮುಂಚೆ ನಮ್ಮ ಹಳ್ಳಿಗಳ ದೀಪಕ್ಕೆ ಇದರ ಬೀಜದ ಎಣ್ಣೆ ಹಾಕುತ್ತಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಅದೇ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸಿ ತೋರಿಸಿದರು; ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೇ ಇದೆ. ಡೀಸೆಲ್ ಇಂಜಿನ್ನಿಗಷ್ಟೇ ಅದು ಸಲ್ಲುತ್ತದೆ, ನಮ್ಮ ಫಿಯಟ್ಟಿಗಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇನ್ನೂ ವಿಚಿತ್ರವಾದದ್ದೊಂದು ನಡೆದಿತ್ತು. ಬಸ್ಸುಗಳ ಹಿಂದೆ ಡ್ರಮ್ಮಿನಂಥ ಒಲೆ ಕಟ್ಟಿ ಇದ್ದಿಲು ತುಂಬುತ್ತಿದ್ದರು. ಬೆಳಗಾಗುತ್ತಲೇ ಕ್ಲೀನರ್ ಹುಡುಗ ಫ್ಯಾನಿನ ಹಿಡಿಕೆ ಗರಗರ ತಿರುಗಿಸಿ ಕೆಂಡ ಮಾಡಬೇಕು, ಹೊಮ್ಮಿದ ಅನಿಲ ಇಂಜಿನ್ನಿಗೆ ಹೋಗಬೇಕು. ಕಸುವು ಅರ್ಧಕ್ಕೆ ಇಳಿಯುತ್ತಿತ್ತು. ಘಟ್ಟ ಹತ್ತುವಾಗ ಜನ ಇಳಿದು ತಳ್ಳಿದ್ದನ್ನು ಮಲೆನಾಡಿನ, ಕರಾವಳಿಯ ಹಿರಿಯರು ಕಥೆ ಮಾಡಿ ಹೇಳುತ್ತಿದ್ದರು. ಎಥನಾಲ್ ಕೂಡ ಹೊಸದಲ್ಲ: ಪೆಟ್ರೋಲಿಗೆ ಮದ್ಯಸಾರ ಬೆರೆಸಲೆಂದು ದೆಹಲಿ 1948ರಲ್ಲೇ ಕಾಯ್ದೆ ತಂದಿತ್ತು.

ಪಂಪ್ ತಣ್ಣಗಾಯಿತು. ಕೀ ತಿರುಗಿಸಿದೆ, ಹಿಡಿಯಿತು. ಚನ್ನಪಟ್ಟಣ, ಮದ್ದೂರು ದಾಟುತ್ತಿದ್ದಂತೆ ರಸ್ತೆಯ ಎರಡೂ ಬದಿ ಕಬ್ಬು. ಮಂಡ್ಯಕ್ಕೆ ಇನ್ನೂ ಒಂದೆರಡು ಮೈಲಿ ಇರುವಾಗಲೇ ಕಿಟಕಿಯಿಂದ ಸಿಹಿಹುಳಿ ವಾಸನೆ ಒಳಬರುತ್ತದೆ. ಬೆಲ್ಲ ಕಾಯಿಸುವ ವಾಸನೆ ಅದು. ಆಲೆಮನೆಯೊಂದರ ಮುಂದೆ ನಿಲ್ಲಿಸೋಣ. ಕೊಪ್ಪರಿಗೆಯಲ್ಲಿ ಹಾಲು ಉಕ್ಕುತ್ತಿದೆ, ಒಲೆಯ ಬಾಯಿಗೆ ಒಣಗಿದ ಸಿಪ್ಪೆ ತುರುಕುತ್ತಿದ್ದಾರೆ. ಯಜಮಾನರು ಕಾರಿನ ಸುತ್ತ ಒಂದು ಸುತ್ತು ಹಾಕಿ ಬಾನೆಟ್ ಸವರುತ್ತಾರೆ.

"ಫಿಯಟ್ ಅಲ್ವಾ ಸಾ! ಬನ್ನಿ, ಕೂತ್ಕಳಿ, ಕಬ್ಬಿನಾಲು ಕುಡೀರಿ."

ನಿಮ್ಮ ಕಬ್ಬೇ ಈಗ ನಮ್ಮ ಟ್ಯಾಂಕಿನಲ್ಲಿದೆ ಎಂದರೆ ನಗುತ್ತಾರೆ. "ಇದ್ರೆ ಒಳ್ಳೇದೇ ಬುಡಿ. ನಮ್ ಕೈಗೆ ದುಡ್ಡು ಟೈಮಿಗೆ ಬರ್ಬೇಕು ಅಷ್ಟೆಯ."

ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಕಾಕಂಬಿಯೇ ಎಥನಾಲಿನ ಹಳೆಯ ಮೂಲ. 1933ರಲ್ಲಿ ಶುರುವಾದ ಇಲ್ಲಿನ ಮೈಸೂರು ಸಕ್ಕರೆ ಕಂಪನಿ ನೋಡಿದ ಊರಿಗೆ ಅದು ಹೊಸತಲ್ಲ. ಈಗ ಕಬ್ಬಿನ ಹಾಲು, ಮುಸುಕಿನ ಜೋಳ, ಅಕ್ಕಿ ಎಲ್ಲದರಿಂದಲೂ ಎಥನಾಲ್ ತೆಗೆಯುತ್ತಾರೆ. ವಿದೇಶದ ಕಚ್ಚಾತೈಲಕ್ಕೆ ಹೋಗುವ ಹಣ ಮಂಡ್ಯ, ಬೆಳಗಾವಿ, ದಾವಣಗೆರೆಯ ಹೊಲಗಳಿಗೆ ಬರುವುದಾದರೆ ನಾನು ಬೇಡ ಎನ್ನುವವನಲ್ಲ. ಕೈಯಲ್ಲಿ ಈ ಲೋಟ ಹಿಡಿದು ಹಾಗೆ ಹೇಳಲೂ ಆಗದು.

ತಕರಾರು ಬೇರೆ ಇದೆ. ಇ20ಯ ದರ ಮಾಮೂಲಿ ಪೆಟ್ರೋಲಿಗಿಂತ ಕಡಿಮೆ ಇರಬೇಕು, ಕಳೆದುಹೋದ ಶಕ್ತಿಗೆ ಅದೇ ಪರಿಹಾರ ಎಂದು 2021ರ ಅದೇ ವರದಿ ಹೇಳಿತ್ತು. ಹಳೆಯ ಗಾಡಿಗಳ ರಕ್ಷಣೆಗೆ ಇ10 ಸಿಗುತ್ತಿರಬೇಕು ಎಂದೂ ಅದರಲ್ಲಿತ್ತು. ಎರಡೂ ಆಗಲಿಲ್ಲ. ಜೋಳದ ಎಥನಾಲಿಗೆ ತೈಲ ಕಂಪನಿಗಳು ಕೊಡುವ ಬೆಲೆಯೇ ಲೀಟರಿಗೆ 71 ರೂಪಾಯಿ ದಾಟಿದೆ, ಅಗ್ಗ ಮಾಡಲು ಎಲ್ಲಿಂದ ತರೋಣ ಎನ್ನುವುದು ಸರ್ಕಾರದ ಸಮಜಾಯಿಷಿ. ಎಥನಾಲಿಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂದು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಬ್ರೆಜಿಲ್ 1975ರಿಂದ ಎಥನಾಲ್ ಹಾದಿಯಲ್ಲಿದೆ. ಅಲ್ಲಿಯ ಬಂಕಿನಲ್ಲಿ ಗ್ಯಾಸೋಲಿನ್ ಮತ್ತು ಎಥನಾಲಿನ ದರಗಳು ಅಕ್ಕಪಕ್ಕ ಇರುತ್ತವೆ. ಎಥನಾಲಿನ ಬೆಲೆ ಗ್ಯಾಸೋಲಿನ್ನಿನ ಶೇ 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಜನ ಅದನ್ನು ಹಾಕಿಸುತ್ತಾರೆ. ಲೆಕ್ಕ ಗಿರಾಕಿಯ ಕೈಯಲ್ಲಿರುತ್ತದೆ.

ನಮಗೂ ಅಷ್ಟೇ ಬೇಕು. ಪ್ರತಿ ನಾಝಲ್ಲಿನ ಮೇಲೆ ಎಥನಾಲ್ ಎಷ್ಟು ಪಾಲು ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಲಿ. ಇ20ಯ ದರವನ್ನು ಲೀಟರಿಗೆ ಆರು ರೂಪಾಯಿಯಾದರೂ ಇಳಿಸಲಿ. ಊರಿಗೊಂದು ಬಂಕಿನಲ್ಲಾದರೂ ಇ10 ಉಳಿಯಲಿ. ಅಲ್ಲಿಯವರೆಗೆ, 2023ಕ್ಕೂ ಹಿಂದಿನ ಗಾಡಿ ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಬಾನೆಟ್ ತೆಗೆಸಿ ಪೆಟ್ರೋಲ್ ಪೈಪುಗಳನ್ನು ಪರೀಕ್ಷೆ ಮಾಡಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು ಮತ್ತು ಕಾರ್ಬುರೇಟರನ್ನು ಬರಿದು ಮಾಡಿಸಿಡಿ.